ಬರೆಯುವವನ ಜಮಾಖರ್ಚು

ಅಂಗಡಿಯವನಿಗೆ ದೀಪಾವಳಿ ಬಂತೆಂದರೆ ಹೊಸ ಲೆಕ್ಕದ ಪುಸ್ತಕ. ಸರ್ಕಾರಕ್ಕೆ ಮಾರ್ಚ್ ತಿಂಗಳ ಕೊನೆಯ ದಿನ. ಬೇಸಾಯಗಾರನಿಗೆ ಸುಗ್ಗಿ, ಕಣದಲ್ಲಿ ರಾಶಿ ಬಿದ್ದ ಮೇಲೆ ಬಿತ್ತಿದ್ದೆಷ್ಟು, ಬೆಳೆದದ್ದೆಷ್ಟು ಎಂಬುದನ್ನು ಯಾರೂ ಅವನಿಗೆ ವಿವರಿಸಬೇಕಾಗಿಲ್ಲ. ಆದರೆ ಕತೆ ಕವಿತೆಗಳನ್ನು ಬರೆಯುವ ತರುಣನಿಗೆ ಲೆಕ್ಕ ಮುಗಿಸುವ ದಿನ ಯಾವುದು? ತನ್ನ ಬೆಳೆಯನ್ನು ಅವನು ಯಾವ ಕೊಳಗದಿಂದ ಅಳೆಯಬೇಕು?

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವುದನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನನಗೆ ಈ ಪ್ರಶ್ನೆ ವರ್ಷಕ್ಕೆ ನಾಲ್ಕಾರು ಸಲವಾದರೂ ಎದುರಾಗುತ್ತದೆ. ಕೇಳುವ ಹುಡುಗ ಹುಡುಗಿಯರು ಬೇರೆ ಬೇರೆ, ಪ್ರಶ್ನೆ ಒಂದೇ. ಅವರಲ್ಲಿ ಹಲವರ ಬಳಿ ಒಂದು ಪಟ್ಟಿ ಮೊದಲೇ ಸಿದ್ಧವಾಗಿರುತ್ತದೆ. ಇಪ್ಪತ್ತೈದಕ್ಕೆ ಒಂದು ಸಂಕಲನ, ಇಪ್ಪತ್ತೆಂಟಕ್ಕೆ ಒಂದು ಬಹುಮಾನ, ಮೂವತ್ತು ತುಂಬುವುದರೊಳಗೆ ಒಂದು ಕಾದಂಬರಿ, ಅದರ ಜೊತೆಗೆ ಖಾಯಂ ನೌಕರಿ, ಸ್ವಂತ ಮನೆ. ಜಾತಕ ಬರೆಯುವ ಜೋಯಿಸರಿಗೂ ಇಷ್ಟು ಧೈರ್ಯವಿರುವುದಿಲ್ಲ. ಸಾಲದ್ದಕ್ಕೆ ಈಗ ಎಷ್ಟು ಜನ ಓದಿದರು, ಎಷ್ಟು ಜನ ಮೆಚ್ಚಿದರು ಎಂಬ ಅಂಕಿಗಳು ಅಂಗೈಯಲ್ಲಿರುವ ಫೋನಿನಲ್ಲೇ ಗಳಿಗೆಗೊಮ್ಮೆ ಬದಲಾಗುತ್ತಿರುತ್ತವೆ. ಬಿತ್ತಿದ ಬೀಜವನ್ನು ದಿನಕ್ಕೆ ಹತ್ತು ಸಲ ಕೆದಕಿ ನೋಡುವ ಮಗುವಿನಂತೆ ನಮ್ಮ ತರುಣ ಲೇಖಕ ಆ ಅಂಕಿಗಳನ್ನು ನೋಡುತ್ತಾನೆ. ಏರಿದರೆ ಹಿಗ್ಗುತ್ತಾನೆ, ನಿಂತರೆ ಕುಗ್ಗುತ್ತಾನೆ.

ಇದನ್ನು ಕಂಡು ನಗುವುದು ಸುಲಭ, ನಾನು ನಗಲಾರೆ. ಲೆಕ್ಕವೇ ಬೇಡ, ಕಲೆಗೆ ಲೆಕ್ಕವೆಲ್ಲಿಯದು ಎಂದು ಕೈ ಬೀಸಿ ಮಾತಾಡುವವರನ್ನು ನಾನು ಬಲ್ಲೆ. ಅಂಥವರಲ್ಲಿ ಕೆಲವರು ಇಪ್ಪತ್ತು ವರ್ಷದಿಂದ ಒಂದೇ ಮಹಾಕೃತಿಯನ್ನು ‘ಇನ್ನೇನು ಬರೆಯಬೇಕು’ ಎನ್ನುತ್ತಿದ್ದಾರೆ. ಲೆಕ್ಕ ಬರೆಯದ ಅಂಗಡಿಯವನು ಉದಾರಿಯೆನ್ನಿಸಿಕೊಳ್ಳಬಹುದು. ಸಾಲಗಾರರು ಬಾಗಿಲಿಗೆ ಬರುವವರೆಗೆ ಮಾತ್ರ. ಬರವಣಿಗೆಯಲ್ಲಿ ಹಾಗೆ ಬಾಗಿಲಿಗೆ ಬಂದು ನಿಲ್ಲುವವರು ಯಾರೂ ಇಲ್ಲದಿರುವುದರಿಂದ ಆತ್ಮವಂಚನೆಗೆ ಅಲ್ಲಿ ಇನ್ನೂ ಹೆಚ್ಚು ಅವಕಾಶವುಂಟು. ಆದ್ದರಿಂದ ತರುಣರು ತಮ್ಮ ಕೆಲಸದ ಲೆಕ್ಕ ಕೇಳಿಕೊಳ್ಳುವುದು ತಪ್ಪಲ್ಲ, ಒಳ್ಳೆಯದೇ. ಯಾವುದನ್ನು ಜಮೆಯೆಂದು ಬರೆಯಬೇಕು, ಯಾವುದನ್ನು ಖರ್ಚೆಂದು ಬರೆಯಬೇಕು ಎಂಬಲ್ಲಿ ತೊಡಕಿದೆ.

ನಮ್ಮ ಭಾಷೆಯಲ್ಲಿ ಎರಡು ಮಾತುಗಳಿವೆ: ಏಳಿಗೆ ಮತ್ತು ಬೆಳವಣಿಗೆ. ಮಾತಿನ ಭರದಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುತ್ತೇವಾದರೂ ಇವೆರಡೂ ಒಂದೇ ಅಲ್ಲ. ಏಳಿಗೆ ಊರಿಗೆ ಕಾಣುವಂಥದು: ಹುದ್ದೆ, ಬಹುಮಾನ, ಹೆಸರು, ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿ. ಬೆಳವಣಿಗೆ ಒಳಗೆ ನಡೆಯುವಂಥದು; ಕೆಲವು ಸಲ ಬೆಳೆಯುತ್ತಿರುವವನಿಗೇ ಅದರ ಸುಳಿವಿರುವುದಿಲ್ಲ. ಇವೆರಡೂ ಜೊತೆಜೊತೆಯಾಗಿ ಬಂದರೆ ಭಾಗ್ಯವೇ ಸರಿ. ಆದರೆ ಏಳಿಗೆಯ ಪಟ್ಟಿಯನ್ನು ಮುಂದಿಟ್ಟುಕೊಂಡು ಬೆಳವಣಿಗೆಯನ್ನು ಅಳೆಯಹೊರಟರೆ ಲೆಕ್ಕ ಎಂದಿಗೂ ಕೂಡಿ ಬರುವುದಿಲ್ಲ.

ಮೊದಲನೆಯದಾಗಿ, ಪಟ್ಟಿಯನ್ನು ಬರೆದವರು ಯಾರು ಎಂದು ಕೇಳಬೇಕು. ಹದಿನೆಂಟರ ಹುಡುಗ ಬರೆದ ಪಟ್ಟಿಯನ್ನು ಮೂವತ್ತರ ಮನುಷ್ಯ ನೆರವೇರಿಸಲು ಕಟ್ಟುಬಿದ್ದಿದ್ದಾನೆಯೇ? ಕುವೆಂಪು ಅವರ ವಿಷಯ ಎಲ್ಲರಿಗೂ ತಿಳಿದದ್ದೇ. 1904 ರಲ್ಲಿ ಹುಟ್ಟಿದ ಅವರು ತಾರುಣ್ಯದಲ್ಲಿ ಕವಿತೆ ಬರೆಯತೊಡಗಿದ್ದು ಇಂಗ್ಲಿಷಿನಲ್ಲಿ. 1922 ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಪುಟ್ಟ ಪುಸ್ತಕವೂ ಅಚ್ಚಾಯಿತು. ಎರಡು ವರ್ಷದ ಮೇಲೆ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತಮ್ಮ ಕವಿತೆಗಳನ್ನು ತೋರಿಸಿದಾಗ, ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು ಆತ ಕೇಳಿದರು; ಅದರಲ್ಲೇ ಬರೆಯಬೇಕೆಂದು ಬುದ್ಧಿ ಹೇಳಿದರು. ಆ ಹೊತ್ತಿಗೆ ಆ ಮಾತು ಹಿತವಾಗಿ ಕೇಳಿಸಿರಲಾರದು. ಆ ವಯಸ್ಸಿನ ಗುರಿಯಿಂದ ಅಳೆದರೆ ಅಂದಿನ ಭೇಟಿ ಒಂದು ಸೋಲು. ಒಂದು ಕ್ಷಣ ಯೋಚಿಸಿ: ಅವರು ಛಲ ಹಿಡಿದು ಆ ಮೊದಲ ಗುರಿಯನ್ನೇ ಸಾಧಿಸಿದ್ದರೆ? ಇಂಗ್ಲಿಷ್ ಕವಿಗಳ ಸಾಲಿನಲ್ಲಿ ಎಲ್ಲೋ ಒಂದು ಹೆಸರು ಸೇರುತ್ತಿತ್ತು. ನಮಗೆ ‘ಕಾನೂರು ಹೆಗ್ಗಡಿತಿ’ ಇರುತ್ತಿರಲಿಲ್ಲ, ‘ಶ್ರೀ ರಾಮಾಯಣ ದರ್ಶನಂ’ ಇರುತ್ತಿರಲಿಲ್ಲ. ಗುರಿ ಮುಟ್ಟುವುದೇ ಮುನ್ನಡೆಯೆಂದು ನಂಬುವವರು ಈ ಸಂಗತಿಯನ್ನು ನೆನೆಯಬೇಕು. ಗುರಿಯನ್ನು ತಿದ್ದಿಕೊಳ್ಳುವುದೂ ಮುನ್ನಡೆಯೇ.

ಎರಡನೆಯದು ವಯಸ್ಸಿನ ಮಾತು. ‘ಬೆಳೆಯುವ ಸಿರಿ ಮೊಳಕೆಯಲ್ಲೇ’ ಎಂಬ ಗಾದೆ ನಮ್ಮ ತರುಣರನ್ನು ಎಷ್ಟು ಕಾಡಿಸಿದೆಯೋ ತಿಳಿಯದು. ಗಾದೆ ಸುಳ್ಳಲ್ಲ, ಆದರೆ ಎಲ್ಲ ಮೊಳಕೆಯೂ ಒಂದೇ ಬೆಳೆಯದಲ್ಲ. ರಾಗಿ ನಾಲ್ಕು ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ತೆಂಗು ಫಲ ಕೊಡುವುದಕ್ಕೆ ಆರೇಳು ವರ್ಷ ಬೇಕು. ನಾಲ್ಕು ತಿಂಗಳಾದ ತೆಂಗಿನ ಸಸಿಯನ್ನು ರಾಗಿಯ ಹೊಲದೊಡನೆ ಹೋಲಿಸಿ ಬಂಜೆಯೆನ್ನುವ ರೈತನಿಲ್ಲ. ಆದರೆ ಲೇಖಕರನ್ನು ನಾವು ಹೀಗೆಯೇ ಹೋಲಿಸುತ್ತೇವೆ. ಪಂಪನು ‘ವಿಕ್ರಮಾರ್ಜುನ ವಿಜಯ’ವನ್ನು ಆರು ತಿಂಗಳಲ್ಲಿ, ‘ಆದಿಪುರಾಣ’ವನ್ನು ಮೂರು ತಿಂಗಳಲ್ಲಿ ಮುಗಿಸಿದುದಾಗಿ ತಾನೇ ಹೇಳಿಕೊಂಡಿದ್ದಾನೆ. ಕುವೆಂಪು ಅವರ ರಾಮಾಯಣ 1936 ರಲ್ಲಿ ಮೊದಲಾಗಿ 1946 ರಲ್ಲಿ ಮುಗಿಯಿತು. ತಿಂಗಳುಗಳನ್ನು ಎಣಿಸಿ ಯಾವುದು ಮೇಲು ಯಾವುದು ಕೀಳು ಎಂದು ಹೇಳಲಾದೀತೇ? ಮಾಸ್ತಿಯವರು ಹುಟ್ಟಿದ್ದು 1891 ರಲ್ಲಿ. ‘ಚಿಕವೀರ ರಾಜೇಂದ್ರ’ ಹೊರಬಂದದ್ದು 1956 ರಲ್ಲಿ, ಅವರಿಗೆ ಅರವತ್ತೈದು ನಡೆಯುತ್ತಿದ್ದಾಗ. ಅದಕ್ಕಾಗಿ ಜ್ಞಾನಪೀಠ ಪ್ರಶಸ್ತಿ ಸಂದದ್ದು 1983 ರಲ್ಲಿ, ತೊಂಬತ್ತು ದಾಟಿದ ಮೇಲೆ.

ಹಾಗಾದರೆ ಅವಸರವೇಕೆ, ಅರವತ್ತೈದರವರೆಗೆ ಹಾಯಾಗಿರೋಣ ಎಂದು ಯಾರಾದರೂ ಹೇಳಿಯಾರು. ಅದಕ್ಕೂ ಉತ್ತರವಿದೆ. ‘ಚಿಕವೀರ ರಾಜೇಂದ್ರ’ಕ್ಕಿಂತ ಮೂವತ್ತಾರು ವರ್ಷ ಮೊದಲೇ, 1920 ರಲ್ಲಿ, ಮಾಸ್ತಿಯವರ ‘ಕೆಲವು ಸಣ್ಣಕತೆಗಳು’ ಬಂದಿದ್ದವು. ನಡುವಿನ ವರ್ಷಗಳಲ್ಲಿ ಅವರ ಲೇಖನಿ ನಿಲ್ಲಲಿಲ್ಲ. ಎಲ್ಲರಿಗೂ ತೊಂಬತ್ತು ವರ್ಷದ ಆಯುಸ್ಸು ಸಿಕ್ಕುತ್ತದೆಂಬ ಭರವಸೆಯೂ ಇಲ್ಲ. ತ್ರಿವೇಣಿಯವರ ಮೊದಲ ಕಾದಂಬರಿ ‘ಅಪಸ್ವರ’ ಬಂದದ್ದು 1953 ರಲ್ಲಿ. ಅವರು ತೀರಿಕೊಂಡದ್ದು 1963 ರಲ್ಲಿ, ಮೂವತ್ತೈದೂ ತುಂಬುವ ಮೊದಲು. ಆ ಹತ್ತು ವರ್ಷದಲ್ಲಿ ಅವರು ಬರೆದ ಕಾದಂಬರಿಗಳು ಸುಮಾರು ಇಪ್ಪತ್ತು. ಒಬ್ಬರ ಬಾಳಿನಿಂದ ತಾಳ್ಮೆಯನ್ನು ಕಲಿಯಬೇಕು, ಇನ್ನೊಬ್ಬರ ಬಾಳಿನಿಂದ ತ್ವರೆಯನ್ನು ಕಲಿಯಬೇಕು. ಎರಡನ್ನೂ ಒಟ್ಟಿಗೆ ಕಲಿಯುವುದು ಕಷ್ಟವಾದರೂ ಬೇರೆ ದಾರಿಯಿಲ್ಲ.

ಮೂರನೆಯ ತೊಡಕು ಹೊಟ್ಟೆಪಾಡಿನದು. ಇದನ್ನು ತತ್ತ್ವದ ಮಾತಿನಿಂದ ತಳ್ಳಿಹಾಕಲಾಗುವುದಿಲ್ಲ. ನನ್ನ ವಿದ್ಯಾರ್ಥಿಯೊಬ್ಬ, ತಿಪಟೂರು ಕಡೆಯವನು, ಎಂ.ಎ. ಮುಗಿಸಿದ ಹೊಸದರಲ್ಲಿ ಮನೆಗೆ ಬಂದಿದ್ದ. ಬ್ಯಾಂಕಿನ ಪರೀಕ್ಷೆಗೆ ಕಟ್ಟುವಂತೆ ಮನೆಯವರು ಹೇಳುತ್ತಿದ್ದರು; ಇವನಿಗೆ ಮನಸ್ಸಿರಲಿಲ್ಲ.

“ಕೆಲಸಕ್ಕೆ ಸೇರಿದರೆ ಬರೆಯೋದು ಅಲ್ಲಿಗೆ ಮುಗಿದುಹೋಗುತ್ತೆ ಸಾರ್. ಎರಡು ವರ್ಷ ಊರಲ್ಲೇ ಕೂತು ಕಾದಂಬರಿ ಮುಗಿಸ್ತೇನೆ” ಎಂದ.

“ಒಳ್ಳೆಯದಪ್ಪ. ಆ ಎರಡು ವರ್ಷ ಊಟ?”

“ಅಪ್ಪ ಇದ್ದಾರಲ್ಲ ಸಾರ್.”

“ಅವರನ್ನು ಕೇಳಿದೆಯಾ?”

ಅವನು ಸುಮ್ಮನಾದ. ಅವನ ಜೇಬಿನಲ್ಲಿದ್ದ ಪಟ್ಟಿಯಲ್ಲಿ ಯಾವ ತಿಂಗಳಿಗೆ ಎಷ್ಟು ಅಧ್ಯಾಯವೆಂಬುದು ಬರೆದಿತ್ತು. ಅಪ್ಪನ ಹೆಸರು ಎಲ್ಲಿಯೂ ಇರಲಿಲ್ಲ. ಅಪ್ಪನಿಗೆ ಇರುವುದು ಎರಡೆಕರೆ ತೋಟ. ತಂಗಿ ಇನ್ನೂ ಓದುತ್ತಿದ್ದಳು.

ನೌಕರಿಗೆ ಸೇರು ಎಂದು ನಾನು ಅವನಿಗೆ ಹೇಳಲಿಲ್ಲ; ಸೇರಬೇಡ ಎಂದೂ ಹೇಳಲಿಲ್ಲ. ನಮ್ಮ ಸಾಹಿತ್ಯದಲ್ಲಿ ಎರಡು ದಾರಿಗೂ ದೊಡ್ಡವರ ಸಾಕ್ಷಿಯಿದೆ. ಮಾಸ್ತಿಯವರು ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದುಕೊಂಡೇ ಕತೆ ಬರೆದರು. ತಮಗೆ ಸಲ್ಲಬೇಕಾಗಿದ್ದ ಮೇಲಿನ ಪದವಿ ಸಲ್ಲದಾದಾಗ ರಾಜೀನಾಮೆಯಿತ್ತು ಹೊರಬಂದರು, ಬರವಣಿಗೆ ಮುಂದುವರಿಯಿತು. ಬೇಂದ್ರೆಯವರ ದಾರಿ ಬೇರೆ. ‘ನರಬಲಿ’ ಎಂಬ ಕವಿತೆಗಾಗಿ ಬ್ರಿಟಿಷ್ ಸರ್ಕಾರ ಅವರನ್ನು ಸೆರೆಗೆ ಹಾಕಿತು. ಅಲ್ಲಿಂದ ಎಷ್ಟೋ ವರ್ಷ ನೆಲೆಯಾದ ಕೆಲಸವಿಲ್ಲದೆ ಅಲೆದರು. ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾದದ್ದು 1944 ರಲ್ಲಿ, ಐವತ್ತರ ಹತ್ತಿರದಲ್ಲಿ. ಏಳಿಗೆಯ ಪಟ್ಟಿಯಲ್ಲಿ ಅದಕ್ಕೆ ಹಿಂದಿನ ಹನ್ನೆರಡು ವರ್ಷ ಬರೀ ಸೊನ್ನೆ. ಆದರೆ ‘ಗರಿ’ 1932 ರದು, ‘ಸಖೀಗೀತ’ 1937 ರದು, ‘ನಾದಲೀಲೆ’ 1938 ರದು. ಸೊನ್ನೆಯೆಂದು ಊರು ಬರೆದ ಜಾಗದಲ್ಲಿ ಕನ್ನಡ ಕಾವ್ಯದ ಒಂದು ದೊಡ್ಡ ಫಸಲು ನಿಂತಿದೆ.

ಹಾಗೆಂದು ಆ ವರ್ಷಗಳ ಬಡತನವನ್ನು ಕವಿಯೊಬ್ಬರೇ ಉಂಡರೇ? ಮನೆಯವರೂ ಉಂಡರು. ನಾವು ಕವಿಯ ತ್ಯಾಗವನ್ನು ಕೊಂಡಾಡುವಾಗ ಅವನ ಮನೆಯ ಒಲೆಯ ಮುಂದೆ ಕುಳಿತಿದ್ದವರನ್ನು ಮರೆಯುತ್ತೇವೆ. ನನ್ನ ಮುಖ್ಯ ಮಾತು ಇಲ್ಲಿದೆ. ತರುಣ ಲೇಖಕನ ಲೆಕ್ಕದ ಪುಸ್ತಕದಲ್ಲಿ ಜಮೆಯ ಪುಟ ತುಂಬಿರುತ್ತದೆ: ಇಷ್ಟು ಕತೆ, ಇಷ್ಟು ಬಹುಮಾನ, ಇಷ್ಟು ಓದುಗರು. ಖರ್ಚಿನ ಪುಟದಲ್ಲಿ ತನ್ನ ನಿದ್ದೆ, ತನ್ನ ನೋವು, ತನ್ನ ಬೇಸರಗಳನ್ನು ಮಾತ್ರ ಬರೆದುಕೊಂಡಿರುತ್ತಾನೆ. ಬೇರೆಯವರು ತೆತ್ತದ್ದು ಅಲ್ಲಿ ಕಾಣುವುದಿಲ್ಲ. ನನ್ನ ಹೆಸರಿನಲ್ಲಿ ಎರಡು ಕಥಾಸಂಕಲನಗಳಿವೆ. ಅವು ಸಿದ್ಧವಾಗುತ್ತಿದ್ದ ವರ್ಷಗಳಲ್ಲಿ ಮಕ್ಕಳ ಮನೆಪಾಠ, ರೇಷನ್ ಅಂಗಡಿ, ಅತ್ತೆಯ ಔಷಧ ಎಲ್ಲವನ್ನೂ ನನ್ನ ಹೆಂಡತಿ ನೋಡಿಕೊಂಡಳು, ತಾನೂ ದಿನವಿಡೀ ಶಾಲೆಯಲ್ಲಿ ಪಾಠ ಹೇಳಿ ಬಂದು. ಇಬ್ಬರೂ ಕೂತು ಮಾತಾಡಿಕೊಂಡೇ ಹಾಗೆ ಮಾಡಿದೆವು. ಪುಸ್ತಕ ಅಚ್ಚಾದ ಮೇಲೆ ಸಂಜೆಗಳು ಅವಳ ಪಾಲಿಗೆ ಬಂದವು, ಅಡಿಗೆಮನೆಯ ಅರ್ಧ ನನ್ನ ಪಾಲಿಗೆ. ಆದರೂ ಆ ಪುಸ್ತಕಗಳ ಬೆನ್ನ ಮೇಲೆ ಇರುವುದು ಒಂದೇ ಹೆಸರು. ಇದು ದೂರಲ್ಲ, ಲೆಕ್ಕ.

ಹೆತ್ತವರಿಂದಾಗಲಿ ಮಡದಿಯಿಂದಾಗಲಿ ಗಂಡನಿಂದಾಗಲಿ ನೆರವು ಪಡೆಯುವುದು ಅವಮಾನವಲ್ಲ. ಲೋಕದಲ್ಲಿ ಯಾವ ಒಳ್ಳೆಯ ಕೃತಿಯೂ ಒಬ್ಬನ ಅನ್ನದಿಂದ ಹುಟ್ಟಿಲ್ಲ. ಕೇಳಿ ಪಡೆದದ್ದು ಸಾಲ. ಕೇಳದೆ ಪಡೆದದ್ದಕ್ಕೆ ಬೇರೆ ಹೆಸರುಂಟು. ಸಾಲವನ್ನು ಸಾಲವೆಂದು ಒಪ್ಪಿಕೊಂಡವನ ಬರವಣಿಗೆಯಲ್ಲಿ ಒಂದು ಹೊಣೆ ಬರುತ್ತದೆ. ತಂದೆಯ ಎರಡು ವರ್ಷದ ದುಡಿಮೆಯನ್ನು ಪಡೆದು ಬರೆಯುವವನು ಸುಮ್ಮನೆ ಹಾಳೆ ತುಂಬಿಸಲಾರ. ಹಾಳೆ ಹಾಳೆಗೂ ಯಾರೋ ಬೆಲೆ ಕೊಟ್ಟಿದ್ದಾರೆಂಬುದು ಅವನಿಗೆ ಗೊತ್ತಿರುತ್ತದೆ.

ಆ ಹುಡುಗ ಊರಿಗೆ ಹೋಗಿ ಅಪ್ಪನನ್ನು ಕೇಳಿದನಂತೆ. ಅವರು ತುಂಬ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, “ಒಂದು ವರ್ಷ ನೋಡು. ಬೆಳಗ್ಗೆ ತೋಟಕ್ಕೆ ನೀರು ಬಿಡೋದು ನಿಂದು. ಮುಂದಿನ ವರ್ಷ ಪರೀಕ್ಷೆಗೆ ಕಟ್ಟು” ಎಂದರಂತೆ. ಈ ಕರಾರಿಗಿಂತ ನ್ಯಾಯವಾದದ್ದನ್ನು ನಾನು ಯಾವ ನೀತಿಶಾಸ್ತ್ರದ ಪುಸ್ತಕದಲ್ಲಿಯೂ ಓದಿಲ್ಲ. ಏಳೆಂಟು ತಿಂಗಳ ಮೇಲೆ ಅವನು ಮತ್ತೆ ಸಿಕ್ಕಿದ. ಎಷ್ಟಾಯಿತು ಎಂದು ಕೇಳಿದೆ. “ನೂರು ಪುಟ ಆಗಿತ್ತು ಸಾರ್. ಮೊದಲಿನ ಎಪ್ಪತ್ತು ತೆಗೆದುಹಾಕಿದೆ” ಎಂದ. ಅಳುಮುಖದಿಂದಲೇ ಹೇಳಿದ. ನನಗೆ ಮಾತ್ರ ಸಂತೋಷವಾಯಿತು.

ಪುಟದ ಲೆಕ್ಕದಲ್ಲಿ ಅವನು ಹಿಂದೆ ಹೋಗಿದ್ದಾನೆ. ಆದರೆ ಆ ಎಪ್ಪತ್ತು ಪುಟ ಸಾಲದೆಂದು ಅವನಿಗೆ ತೋರಿದ್ದು ಹೇಗೆ? ಬರೆಯುವಾಗ ಅವು ಚೆನ್ನಾಗಿಯೇ ಕಂಡಿದ್ದವು. ಬರೆಯುತ್ತ ಬರೆಯುತ್ತ ಅವನ ಕಣ್ಣು ಬೆಳೆಯಿತು; ಬೆಳೆದ ಕಣ್ಣಿಗೆ ಹಳೆಯ ಬರಹದ ಹುಳುಕು ಕಂಡಿತು. ‘ಹಾಡ್ತಾ ಹಾಡ್ತಾ ರಾಗ’ ಎನ್ನುತ್ತಾರೆ. ಹಾಡುತ್ತ ಹಾಡುತ್ತ ರಾಗ ಬರುವುದಷ್ಟೇ ಅಲ್ಲ, ಅಪಸ್ವರ ಯಾವುದೆಂಬುದೂ ತಿಳಿಯುತ್ತದೆ. ಬಟ್ಟೆಯನ್ನು ಅಳೆಯುವವನ ಗಜ ಅಳೆಯುವಾಗ ಬದಲಾಗುವುದಿಲ್ಲ. ಬರೆಯುವವನ ಗಜ ಬರವಣಿಗೆಯ ಜೊತೆಗೆ ತಾನೂ ಉದ್ದವಾಗುತ್ತದೆ. ಆದ್ದರಿಂದಲೇ ನಿಜವಾಗಿ ಬೆಳೆಯುತ್ತಿರುವವನಿಗೆ ತಾನು ಹಿಂದೆ ಬೀಳುತ್ತಿದ್ದೇನೆಂಬ ಅಳುಕು ಹೆಚ್ಚು. ಹೋದ ವರ್ಷದ ಕತೆ ಈ ವರ್ಷವೂ ಯಾವ ಕೊರೆಯೂ ಕಾಣದಂತೆ ಹಿತವಾಗಿದ್ದರೆ, ಅದು ಮಹಾಕೃತಿಯಾಗಿರಬೇಕು, ಇಲ್ಲವೇ ಬರೆದವನು ಇದ್ದಲ್ಲೇ ಇದ್ದಾನೆ. ಎರಡನೆಯದೇ ಸಾಮಾನ್ಯ.

ಈ ಅತೃಪ್ತಿಯಲ್ಲೂ ಎರಡು ಬಗೆಯಿದೆ. ಒಂದು ಮನುಷ್ಯನನ್ನು ಮತ್ತೆ ಮೇಜಿನ ಮುಂದೆ ಕೂರಿಸುತ್ತದೆ. ಇನ್ನೊಂದು ಜಗುಲಿಯ ಮೇಲೆ ಕೂರಿಸಿ ಹಾದುಹೋಗುವವರನ್ನು ಎಣಿಸುವಂತೆ ಮಾಡುತ್ತದೆ: ಅವನಿಗೆ ಬಹುಮಾನ ಬಂತು, ಇವಳ ಪುಸ್ತಕ ಮೂರನೆಯ ಮುದ್ರಣ ಕಂಡಿತು, ನನಗೇನು ಬಂತು? ಮೊದಲನೆಯದರಲ್ಲಿ ತನ್ನ ಬರಹದೊಡನೆ ಜಗಳ; ಎರಡನೆಯದರಲ್ಲಿ ಲೋಕದೊಡನೆ ಜಗಳ. ನಮ್ಮ ಮನಸ್ಸಿನಲ್ಲಿರುವುದು ಯಾವುದೆಂದು ತಿಳಿಯುವುದಕ್ಕೆ ದೊಡ್ಡ ಆತ್ಮಪರೀಕ್ಷೆ ಬೇಕಿಲ್ಲ. ಆ ಸಂಜೆ ನಾವು ಎಲ್ಲಿ ಕುಳಿತಿದ್ದೆವು ಎಂದು ನೋಡಿಕೊಂಡರೆ ಸಾಕು.

ಹಾಗಾದರೆ ಹೆಸರು, ಓದುಗರು, ಮನ್ನಣೆ ಇವೆಲ್ಲ ಮಿಥ್ಯೆಯೇ ಎಂದು ಕೇಳಬಹುದು. ಅಷ್ಟು ವೈರಾಗ್ಯ ನನಗಿಲ್ಲ. ಪತ್ರಿಕೆಯಲ್ಲಿ ಲೇಖನ ಬಂದ ದಿನ ನಾನೂ ಎರಡು ಪ್ರತಿ ಕೊಳ್ಳುತ್ತೇನೆ. ಆದರೆ ಓದುಗರನ್ನು ಬಯಸುವುದಕ್ಕೂ ಹೆಸರನ್ನು ಬಯಸುವುದಕ್ಕೂ ಇರುವ ಅಂತರವನ್ನು ತೋರಿಸಿದ ಒಬ್ಬ ತರುಣ ನಮ್ಮಲ್ಲೇ ಆಗಿಹೋಗಿದ್ದಾನೆ. ನಂದಳಿಕೆ ಲಕ್ಷ್ಮೀನಾರಣಪ್ಪ 1870 ರಲ್ಲಿ ಹುಟ್ಟಿ ಉಡುಪಿಯಲ್ಲಿ ಹುಡುಗರಿಗೆ ವ್ಯಾಯಾಮ ಕಲಿಸುವ ಉಪಾಧ್ಯಾಯನಾಗಿದ್ದವನು. ತಾನು ರಚಿಸಿದ ಕಾವ್ಯವನ್ನು ಮೈಸೂರಿನ ಪತ್ರಿಕೆಗೆ ಕಳಿಸುವಾಗ ತನ್ನದೆಂದು ಹೇಳಲಿಲ್ಲ. ಹಿಂದಿನವರ ಗ್ರಂಥವೊಂದು ದೊರೆಯಿತೆಂಬಂತೆ ಕಳಿಸಿದ. ‘ಶ್ರೀರಾಮಾಶ್ವಮೇಧ’ವೂ ಮುದ್ದಣನೆಂಬ ಹೆಸರಿನ ಮರೆಯಲ್ಲೇ ಬಂತು. ಬಡತನ, ಕ್ಷಯ, 1901 ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ತೀರಿಕೊಂಡ. ಇದೆಲ್ಲ ಅವನದೇ ರಚನೆಯೆಂಬುದು ಸಾಹಿತ್ಯಲೋಕಕ್ಕೆ ಖಚಿತವಾದದ್ದು ಅವನು ಹೋದ ಮೇಲೆ. ನಮ್ಮ ತರುಣರ ಪಟ್ಟಿಯನ್ನು ಅವನ ಮುಂದಿಟ್ಟರೆ ಒಂದು ಸಾಲಿಗೂ ಅವನು ಗುರುತು ಹಾಕಲಾರ: ಬಹುಮಾನವಿಲ್ಲ, ಹೆಸರಿಲ್ಲ, ಪದವಿಯಿಲ್ಲ. ಆದರೂ ಒಂದು ಸಂಗತಿಯನ್ನು ಗಮನಿಸಬೇಕು. ಅವನು ಬಚ್ಚಿಟ್ಟದ್ದು ಹೆಸರನ್ನು, ಬರಹವನ್ನಲ್ಲ. ಬರಹ ಅಚ್ಚಾಗಬೇಕು, ಬಲ್ಲವರು ಓದಬೇಕು, ಸೈ ಎನ್ನಬೇಕು ಎಂಬ ಆಸೆ ಅವನಿಗೆ ಇದ್ದೇ ಇತ್ತು. ಇಲ್ಲದಿದ್ದರೆ ಉಡುಪಿಯಿಂದ ಮೈಸೂರಿಗೆ ಅಂಚೆಯಲ್ಲಿ ಕಟ್ಟನ್ನು ಯಾಕೆ ಕಳಿಸುತ್ತಿದ್ದ? ಎಲ್ಲರೂ ಅವನಂತೆ ಹೆಸರು ಮುಚ್ಚಿಡಬೇಕೆಂದು ನಾನು ಹೇಳುವುದಿಲ್ಲ. ಹೆಸರಿಲ್ಲದೆ ಹೋದರೂ ಈ ಬರಹವನ್ನು ಕಳಿಸುತ್ತಿದ್ದೆನೇ ಎಂದು ಒಮ್ಮೆ ಕೇಳಿಕೊಂಡರೆ ಮನಸ್ಸು ಸ್ವಲ್ಪ ತಿಳಿಯಾಗುತ್ತದೆ.

ಕಡೆಗೆ, ಪಟ್ಟಿ ಹಿಡಿದು ಬರುವ ತರುಣ ಮಿತ್ರರಿಗೆ ನಾನು ಹೇಳುವುದು ಇಷ್ಟೆ. ಪಟ್ಟಿಯನ್ನು ಹರಿದುಹಾಕಬೇಡಿ, ಅದು ಪೆನ್ಸಿಲಿನಲ್ಲಿ ಬರೆದದ್ದಾಗಿರಲಿ. ಅಂಕಿಗಳನ್ನು ದಿನವೂ ನೋಡಬೇಡಿ. ವರ್ಷಕ್ಕೊಮ್ಮೆ, ನಿಮಗೆ ಇಷ್ಟವಾದ ಒಂದು ದಿನ, ಹೋದ ವರ್ಷದ ಬರಹವನ್ನು ತೆಗೆದು ಗಟ್ಟಿಯಾಗಿ ಓದಿಕೊಳ್ಳಿ. ಅದರಲ್ಲಿ ಅಂದು ಕಾಣದೆ ಇಂದು ಕಂಡದ್ದನ್ನೆಲ್ಲ ಜಮೆಯ ಪುಟದಲ್ಲಿ ಬರೆಯಿರಿ. ಎದುರಿನ ಪುಟದಲ್ಲಿ, ಆ ವರ್ಷ ನೀವು ಬರೆಯುತ್ತ ಕುಳಿತಿದ್ದಾಗ ನೀರು ತಂದವರು, ಬಾಗಿಲು ಮುಂದೆ ಮಾಡಿ ಮಕ್ಕಳ ಗಲಾಟೆ ತಡೆದವರು, ಫೀಸು ಕಟ್ಟಿದವರು, ಮೊದಲ ಕರಡನ್ನು ಓದಿ ಮುಲಾಜಿಲ್ಲದೆ ತಪ್ಪು ಹೇಳಿದವರು, ಇವರ ಹೆಸರುಗಳನ್ನು ಬರೆಯಿರಿ. ಎರಡೂ ಪುಟ ಸಮವಾಗುವುದಿಲ್ಲ, ಬಾಕಿ ಉಳಿದೇ ಉಳಿಯುತ್ತದೆ. ಆ ಬಾಕಿಯನ್ನು ಮುಂದಿನ ವರ್ಷದ ಪುಸ್ತಕದ ಮೊದಲ ಸಾಲಿಗೆ ಎತ್ತಿ ಬರೆದುಕೊಂಡು ಕೆಲಸಕ್ಕೆ ಕೂತರೆ, ಎಷ್ಟು ದೂರ ಬಂದೆ ಎಂದು ನನ್ನಂಥ ಮೇಷ್ಟ್ರನ್ನು ಕೇಳುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.